ಅವ್ವನಿಗೆ ಓದದೆ ಬಿಟ್ಟ ಪುಟಗಳು

ಮಲಾಡ್‌ನ ನಮ್ಮ ಬಿಲ್ಡಿಂಗಿನ ಮೆಟ್ಟಿಲುಗಳನ್ನು ಬೆಳಿಗ್ಗೆ ಫಿನೈಲ್ ಹಾಕಿ ಒರೆಸುವಾಗ ನಾನು ಬಾಗಿಲು ಮುಚ್ಚುವುದಿಲ್ಲ. ಆ ವಾಸನೆ ಒಳಗೆ ಬರಲಿ ಎಂದು ಬಿಟ್ಟಿರುತ್ತೇನೆ. ಅದು ಅವ್ವನ ಕೈಗಳ ವಾಸನೆ. ಕುರ್ಲಾದ ಒಂದು ಶಾಲೆಯಲ್ಲಿ ಅವಳು ಆಯಾ ಆಗಿದ್ದಳು. ಸಂಜೆ ಚಾಳ್‌ನ ನಮ್ಮ ಕೋಣೆಗೆ ಬಂದು ಎಷ್ಟು ಸಲ ಸೋಪು ಹಚ್ಚಿ ತೊಳೆದರೂ ಬೆರಳ ಸಂದಿಗಳಲ್ಲಿ ಫಿನೈಲು ಉಳಿದೇ ಇರುತ್ತಿತ್ತು. ಅದೇ ಕೈಗಳನ್ನು ಮಡಿಲಲ್ಲಿ ಜೋಡಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, "ಓದವಾ ಕೃಪಾ" ಎನ್ನುತ್ತಿದ್ದಳು. ಗದಗದ ಕಡೆಯಿಂದ ಮದುವೆಯಾಗಿ ಬಂದ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪ ತೀರಿಹೋಗುವ ಮೊದಲು ನನಗೆ ಕನ್ನಡ ಓದಲು ಕಲಿಸಿದ್ದ. ಆಮೇಲೆ ವೇದಪುಸ್ತಕ, ಅಂದರೆ ನಮ್ಮ ಬೈಬಲ್, ಓದಿ ಹೇಳುವ ಕೆಲಸ ನನ್ನದಾಯಿತು. ಒಂದೇ ಕೋಣೆ. ಸ್ಟವ್ ಮೇಲೆ ಕುದಿಯುವ ಬೇಳೆ, ಲೋಕಲ್ ರೈಲು ಹಾದಾಗಲೆಲ್ಲ ಸಣ್ಣಗೆ ನಡುಗುವ ಸ್ಟೀಲಿನ ತಟ್ಟೆಗಳು, ಅವ್ವನ ಮೊಣಕಾಲಿಗೆ ಒರಗಿ ತೂಕಡಿಸುವ ತಮ್ಮ ಸಮ್ಮು. ಆ ಕೋಣೆಗೆ ದೇವರು ಬರಬೇಕಾದರೆ ನನ್ನ ಗಂಟಲಿನಿಂದಲೇ ಬರಬೇಕಿತ್ತು.

ಸಮ್ಮು ಆರು ವರ್ಷದವನಿದ್ದಾಗ ಕಾಮಾಲೆಯಾಗಿ ಹೋಗಿಬಿಟ್ಟ. ನನಗಾಗ ಹನ್ನೆರಡು. ಅವ್ವ ಅತ್ತದ್ದು ನನಗೆ ನೆನಪಿಲ್ಲ. ಅವನ ಎರಡು ಚಡ್ಡಿಗಳನ್ನು ಒಗೆದು, ಒಣಗಿಸಿ, ಮಡಚಿಟ್ಟು, ಮರುದಿನ ಅವನ್ನೇ ಮತ್ತೆ ಒಗೆದದ್ದು ನೆನಪಿದೆ. ವಾರ ಕಳೆದ ಮೇಲೆ, "ಮಕ್ಕಳನ್ನ ಕಳಕೊಂಡು ಬೂದ್ಯಾಗ ಕುಂತಾಂವ ಒಬ್ಬಾಂವ ಅದಾನಂತಲ್ಲ, ಅಂವಂದು ಓದು" ಎಂದಳು. ದೊಡ್ಡ ಭಾಗ ಅದು. ಒಳ್ಳೆಯವನೊಬ್ಬ ಮನೆ, ಮಕ್ಕಳು ಎಲ್ಲ ಕಳೆದುಕೊಂಡು, ಮೈತುಂಬ ಹುಣ್ಣಾಗಿ, ನನಗೇ ಯಾಕೆ ಎಂದು ದೇವರನ್ನು ಕೇಳುತ್ತಲೇ ಹೋಗುತ್ತಾನೆ. ದಿನಕ್ಕೆರಡು ಅಧ್ಯಾಯದಂತೆ ಓದುತ್ತ ಬಂದೆ. ಅವ್ವ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು, ಉತ್ತರ ಅವನಿಗಲ್ಲ, ತನಗೇ ಬರಬೇಕಾಗಿದೆ ಎನ್ನುವ ಹಾಗೆ. ಒಂದು ಸಂಜೆ ಕೆಳಗಿನ ಅಂಗಳದಲ್ಲಿ ಹುಡುಗಿಯರು ಗಣಪತಿ ಹಬ್ಬದ ಡಾನ್ಸಿಗೆ ಪ್ರಾಕ್ಟೀಸ್ ಶುರು ಮಾಡಿ ನನ್ನ ಹೆಸರು ಹಿಡಿದು ಕೂಗಿದರು. ಇನ್ನೂ ಹತ್ತು ಹನ್ನೊಂದು ಅಧ್ಯಾಯ ಉಳಿದಿದ್ದವು. ನಾನು ಪುಸ್ತಕ ಮುಚ್ಚಿದೆ.

"ಮುಗೀತವ್ವಾ."

"ಇಷ್ಟನ?" ಅವ್ವ ಕಣ್ಣು ತೆರೆದಳು. "ದೇವರು ಅಂವಗ ಏನೂ ಅನ್ನಲಿಲ್ಲೇನು?"

"ಇಲ್ಲ. ಸುಮ್ಮನಿದ್ದ."

ಅವಳು ತಲೆಯ ಮೇಲಿನ ಸೆರಗನ್ನು ಕೆಳಗಿಳಿಸಿದಳು. ಆಮೇಲೆ, "ಹೋಗು, ಕರಿಯಾಕತ್ತಾರ" ಎಂದಳು. ನಾನು ಎರಡೆರಡು ಮೆಟ್ಟಿಲು ಹಾರಿ ಇಳಿದೆ.

ಮರುದಿನವೇ ಹೇಳಿಬಿಡಬೇಕೆಂದುಕೊಂಡೆ, ಬೈಗುಳಕ್ಕೆ ಹೆದರಿ ಮುಂದೆ ಹಾಕಿದೆ. ಅಷ್ಟರಲ್ಲಿ ಅವ್ವ ಆ ಸುಳ್ಳಿನ ಮೇಲೆ ಕಾಲೂರಿ ನಿಂತುಬಿಟ್ಟಿದ್ದಳು. ಪಕ್ಕದ ಕೋಣೆಯ ಶಿಂದೆ ಕಾಕುವಿನ ಮಗಳು ಹೆರಿಗೆಯಲ್ಲಿ ತೀರಿಕೊಂಡಾಗ ಅವರ ಕೈ ಹಿಡಿದು, ತನ್ನ ಹರಕು ಹಿಂದಿಯಲ್ಲಿ, "ಬಾಯಿ, ಉಸಕೋ ಭೀ ಭಗವಾನ್ ಕುಛ್ ನಹೀ ಬೋಲಾ. ಫಿರ್ ಭೀ ಉಸನೇ ಹಾಥ್ ನಹೀ ಛೋಡಾ" ಎಂದಳು. ದೇವರು ಒಂದು ಮಾತೂ ಆಡಲಿಲ್ಲ, ಆದರೂ ಬೂದಿಯಲ್ಲಿ ಕೂತವನು ದೇವರ ಕೈ ಬಿಡಲಿಲ್ಲವಂತೆ. ಕಾಕು ಅವ್ವನ ಭುಜಕ್ಕೆ ಹಣೆಯಿಟ್ಟು ಅತ್ತರು. ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ಸುಟ್ಟ ಹಾಗಾಯಿತು. ನಮ್ಮ ಕನ್ನಡದ ಆರಾಧನೆ ತಿಂಗಳಿಗೊಮ್ಮೆ ಮಾತ್ರ. ಅಲ್ಲಿ ಯಾರಾದರೂ ಆ ಕಥೆಯ ಕೊನೆ ಹೇಳಿಬಿಟ್ಟಾರೆಂದು ಪ್ರತಿ ಸಲವೂ ಅಂಜುತ್ತಿದ್ದೆ. ಯಾರೂ ಹೇಳಲಿಲ್ಲ. ಜೊತೆಗೆ ಬೆಳೆದವರು ಅನೇಕರು ಮುಂದೆ ದೇವರನ್ನು ಮರೆತರು. ನನಗೆ ಅದೂ ಸಾಧ್ಯವಾಗಲಿಲ್ಲ. ದೇವರ ಬಾಯಿ ಮುಚ್ಚಿಸಿದವಳಿಗೆ ಅವನು ಇಲ್ಲವೆನ್ನುವ ಧೈರ್ಯ ಎಲ್ಲಿಂದ ಬರಬೇಕು?

ಹೋದ ವರ್ಷ ಅವ್ವ ಆಸ್ಪತ್ರೆಯಲ್ಲಿದ್ದಾಗ, ಒಂದು ಮಧ್ಯಾಹ್ನ, ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಹಂಗಾದ್ರ ಈಗ ಓದು" ಎಂದಳು. ಅವಳ ದಿಂಬಿನ ಪಕ್ಕದಲ್ಲಿದ್ದ ವೇದಪುಸ್ತಕ ತೆಗೆದೆ; ಕನ್ನಡ ಅಕ್ಷರಗಳ ಅಭ್ಯಾಸ ತಪ್ಪಿತ್ತು, ತಡವರಿಸುತ್ತ ಓದಿದೆ. ಬಿರುಗಾಳಿಯೊಳಗಿಂದ ದೇವರು ಮಾತಾಡಿದ್ದು, ಭೂಮಿ, ಕಡಲು, ಕಾಡುಮೃಗಗಳ ಬಗ್ಗೆ ಅಧ್ಯಾಯಗಟ್ಟಲೆ ಮಾತಾಡಿದ್ದು, ಕೊನೆಗೆ ಕಳೆದುಕೊಂಡವನಿಗೆ ಎಲ್ಲ ಮರಳಿ ಸಿಕ್ಕಿದ್ದು.

"ಸತ್ತ ಮಕ್ಕಳು ತಿರುಗಿ ಬಂದ್ರೇನು?"

"ಇಲ್ಲವ್ವ. ಬ್ಯಾರೆ ಮಕ್ಕಳು ಹುಟ್ಟಿದ್ರು."

"ಹಂಗಾದ್ರ ಅದು ನಂಗ ಬೇಕಿದ್ದಿಲ್ಲ ಬಿಡು. ಆವಾಗ ಓದದಿದ್ದದ್ದ ಚಲೋ ಆತು."

ನನ್ನ ಎದೆ ಹಗುರಾಗುವಷ್ಟರಲ್ಲಿ ಅವಳು ಕೈಚಾಚಿ ಪುಟ ತಡವಿದಳು.

"ಆದ್ರ ದೇವರು ಇಷ್ಟುದ್ದ ಮಾತಾಡ್ಯಾನಲ್ಲ. ಅದರಾಗ ಒಂದು ಮಾತರ ನೀ ನಂಗ ಹೇಳಬೇಕಾಗಿತ್ತಲ್ಲವಾ. ಇಷ್ಟು ವರ್ಷ ನಾ ಕಿವಿ ಕೊಟ್ಟು ಕುಂತಿದ್ದೆ."

ದೂರಿನ ದನಿಯಲ್ಲ ಅದು. ಊಟಕ್ಕೆ ತಡವಾಯಿತಲ್ಲ ಎಂದಷ್ಟೇ ಮೆತ್ತಗೆ ಹೇಳಿದಳು. ಬಿರುಗಾಳಿ ಬಂದಲ್ಲಿಂದ ಇನ್ನೊಮ್ಮೆ ಓದೆಂದಳು. ಭೇಟಿಯ ಹೊತ್ತು ಮುಗಿಯುವವರೆಗೂ ಓದಿದೆ.

ಒಂಬತ್ತು ದಿನದ ಮೇಲೆ ಅವಳನ್ನು ಮಣ್ಣು ಮಾಡಿದೆವು. ಪಾಸ್ಟರು, "ಈ ತಾಯಿ ಜೀವನಪೂರ್ತಿ ದೇವರ ದನಿ ಕೇಳುತ್ತ ನಡೆದವರು" ಎಂದರು. ಸುತ್ತ ನಿಂತವರು ತಲೆಯಾಡಿಸಿದರು. ಕೇಳದೆಯೇ ನಡೆದವಳು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಒಂದು ಹಿಡಿ ಮಣ್ಣು ಹಾಕಿ, ಹಿಂದಿನವರಿಗೆ ದಾರಿ ಬಿಟ್ಟು ಸರಿದು ನಿಂತೆ.