ಮೈಸೂರಕ್ಕ ತೊಳೆದ ಫ್ಲಾಪಿ

ಮೇ ತಿಂಗಳ ಬೊರಿವಲಿಯಲ್ಲಿ, ಬೆವರು ಹಣೆಯಿಂದ ಗದ್ದಕ್ಕೆ ಇಳಿಯುವ ಹೊತ್ತಿನಲ್ಲಿ, ತೋಳಿನ ಮೇಲೆ ಉಣ್ಣೆಯ ಸ್ವೆಟರ್ ಹಾಕಿಕೊಂಡು ಬರುವ ಹೆಂಗಸು ನಮ್ಮ ಚಾಳಿನಲ್ಲಿ ಒಬ್ಬರೇ. ಕೈ ಹಿಡಿದರೆ ಬೆರಳುಗಳು ನೀರಿನ ಹರವಿಯ ಹಾಗೆ ತಣ್ಣಗಿರುತ್ತಿದ್ದವು. ವಿಕ್ರೋಳಿಯ ಯಾವುದೋ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ದಿನವಿಡೀ ಕೂತು, ದಾದರಿನಲ್ಲಿ ಗಾಡಿ ಬದಲಿಸಿ, ಲೋಕಲ್ ರೈಲಿನ ಜನರ ನಡುವೆ ಅರೆಸಿಕೊಂಡು ಬಂದರೂ ಆ ಕೋಣೆಯ ಚಳಿ ಅವರ ಮೈಯಿಂದ ಪೂರ್ತಿ ಇಳಿಯುತ್ತಿರಲಿಲ್ಲ. ನನಗೆ ಹಾಗೆ ಅನಿಸುತ್ತಿತ್ತು.

ನಮ್ಮ ಬಾಗಿಲುಗಳು ಎದುರುಬದುರು. ಅವರು ಮೈಸೂರಿನವರು, ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ನಾವು ವಿಜಾಪುರದ ಕಡೆಯವರು. ಗಂಡ ಹೋದ ಮೇಲೆ ನಾನು ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ಮಗಳನ್ನು ಬೆಳೆಸಿದೆ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಅಷ್ಟು ಓದಿದವರನ್ನು ಏನೆಂದು ಕರೆಯಬೇಕೋ ತಿಳಿಯದೆ ಮೈಸೂರಕ್ಕ ಎಂದೆ. ಆಮೇಲೆ ಇಡೀ ಚಾಳು ಹಾಗೇ ಕರೆಯಿತು.

ಮೈಸೂರಕ್ಕನಿಗೆ ಅವಸರ ಎಂಬುದಿರಲಿಲ್ಲ. ನಳದ ಕೆಳಗೆ ಕೊಡ ತುಂಬಿ ಹರಿಯುತ್ತಿದ್ದರೂ ನೀರನ್ನೇ ನೋಡುತ್ತ ನಿಂತುಬಿಡುತ್ತಿದ್ದರು. ಹಿಂದಿನವರು “ಅರೇ ಮ್ಯಾಡಮ್, ಸೋ ಗಯೀ ಕ್ಯಾ?” ಎಂದಾಗ ನಕ್ಕು ಕೊಡ ಎತ್ತಿಕೊಳ್ಳುತ್ತಿದ್ದರು. ಇವರ ತಲೆಯ ಸ್ಕ್ರೂ ಒಂದು ಸಡಿಲ ಎಂದೇ ನಾನು ತಿಳಿದಿದ್ದೆ. ಮಗಳಿಗೆ ಹೇಳಿಯೂ ಇದ್ದೆ.

ಒಂದು ಸಂಜೆ ರೊಟ್ಟಿ ಕೊಡಲು ಹೋದವಳು ಕೇಳಿಯೇಬಿಟ್ಟೆ. “ದಿನಾ ಅಲ್ಲಿ ಏನ್ ಮಾಡ್ತೀರಿ ಅಕ್ಕಾರ?”

“ಮಶೀನಿಗೆ ಹೊಸ ಸಿಸ್ಟಂ ಹಾಕಿದಾಗ ಹಳೇ ಪ್ರೋಗ್ರಾಮುಗಳು ಮುನಿಸ್ಕೊಳ್ತವೆ ಕಣ್ರೀ. ಒಂದು ಇನ್ನೊಂದನ್ನ ಕೇಳತ್ತೆ, ಅದು ಮತ್ತೊಂದನ್ನ ಕೇಳತ್ತೆ. ಯಾರು ಯಾರನ್ನ ಕೇಳ್ತಿದಾರೆ ಅಂತ ಹುಡುಕೋದು ನನ್ನ ಕೆಲಸ.”

“ಅಂದ್ರ ಬೀಗರ ಜಗಳ ಬಿಡಸೂದು.”

“ಹಾಗೇ ಅನ್ಕೊಳಿ,” ಎಂದರು, ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ತಿರುಗಿಸಿ ನೋಡುತ್ತ.

ನನ್ನ ಮಗಳಿಗೆ ಆಗ ಅಂಧೇರಿಯಲ್ಲಿ ಕೆಲಸ ಸಿಕ್ಕಿತ್ತು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಅಚ್ಚಿಗೆ ಸಿದ್ಧಮಾಡಿಕೊಡುವ ಸಣ್ಣ ಅಂಗಡಿ. ಇಂಗ್ಲಿಷು, ಮರಾಠಿ ಮಾಡುವವರು ಬೇರೆ ಇದ್ದರು. ಕನ್ನಡದ ಲಗ್ನಪತ್ರಿಕೆ, ಸಂಘಗಳ ಸ್ಮರಣಸಂಚಿಕೆ ಇವಳ ಪಾಲಿಗೆ. ಮಾಲಕರು ಉಡುಪಿ ಕಡೆಯವರು, ಕೆಟ್ಟವರಲ್ಲ.

ಒಂದು ಶನಿವಾರ ಮಗಳು ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿದಳು. ಯಾವನೋ ಬಂದು ಕಂಪ್ಯೂಟರಿನ ಹಳೆಯ ಸಿಸ್ಟಂ ಅಳಿಸಿ ಹೊಸದು ಹಾಕಿ ಹೋಗಿದ್ದ. ಇಂಗ್ಲಿಷು ಓಡಿತು, ಮರಾಠಿ ಓಡಿತು, ಕನ್ನಡ ಮಾತ್ರ ಇಲ್ಲವಾಯಿತು. ಅದನ್ನು ಮೂಲ ಫ್ಲಾಪಿಗಳಿಂದ ಮತ್ತೆ ತುಂಬಬೇಕು. ಮೊದಲನೆಯ ಫ್ಲಾಪಿಯನ್ನೇ ಯಂತ್ರ ಓದಲೊಲ್ಲದು. ಆ ಕನ್ನಡದ ಪ್ರೋಗ್ರಾಮು ಮಾರಿದ ಕಂಪನಿ ಎಂದೋ ಬಾಗಿಲು ಮುಚ್ಚಿತ್ತು. ಮಾಲಕರು ಹೇಳಿಬಿಟ್ಟಿದ್ದರು: ಸೋಮವಾರದೊಳಗೆ ಸರಿಹೋಗದಿದ್ದರೆ ಕನ್ನಡದ ಬೋರ್ಡು ಇಳಿಸುತ್ತೇನೆ. ಬೋರ್ಡು ಇಳಿದರೆ ಇವಳೂ ಇಳಿದಂತೆ. ಮರುದಿನದಿಂದ ನನ್ನ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯಬೇಕು. ಅದೊಂದು ಆಗಬಾರದೆಂದೇ ಅವಳನ್ನು ಓದಿಸಿದ್ದೆ.

ಎದುರಿನ ಬಾಗಿಲು ಬಡಿದೆ. ಮೈಸೂರಕ್ಕ ಬಂದು ಮಗಳ ಹತ್ತಿರ ನೆಲದ ಮೇಲೆ ಕೂತರು. “ಪರದೆ ಮೇಲೆ ಏನು ಬಂತು?”

“ಏನೋ ಬೈತಿತ್ರಿ ಇಂಗ್ಲಿಷಿನ್ಯಾಗ.”

“ಬೈತಿರಲ್ಲ ಕಣಮ್ಮ, ಹೇಳ್ತಿರತ್ತೆ. ಏನು ಹೇಳ್ತು, ಅದನ್ನ ನೆನಪು ಮಾಡ್ಕೊ.”

ಈ ಮಾತನ್ನು ಆಮೇಲೂ ಎಷ್ಟೋ ಸಲ ಅವರ ಬಾಯಲ್ಲಿ ಕೇಳಿದ್ದೇನೆ.

ಮರುದಿನ ಭಾನುವಾರ ಮೂವರೂ ಅಂಧೇರಿಗೆ ಹೋದೆವು. ಮಾಲಕರು ಅಂಗಡಿ ತೆರೆದುಕೊಟ್ಟರು. ಫ್ಲಾಪಿ ಎಂದರೆ ಆಗ ಅಂಗೈಗಿಂತ ಅಗಲವಾದ ಕಪ್ಪು ಚೌಕ, ಒಂದು ಬದಿಗೆ ಒಳಗಿನ ಬಿಲ್ಲೆ ಇಣುಕುವ ಉದ್ದನೆಯ ಸಂದಿ. ಮೈಸೂರಕ್ಕ ಅದನ್ನು ಬೆಳಕಿಗೆ ಹಿಡಿದರು, ಆಮೇಲೆ ಮೂಗಿಗೆ ಹಿಡಿದರು.

“ಇದಕ್ಕೆ ಗಂಧ ಹಚ್ಚಿದ್ದು ಯಾರು?”

“ನಾನೇ. ಆಯುಧಪೂಜೆಗೆ ಮಾರಾಯ್ರೆ,” ಎಂದರು ಮಾಲಕರು. “ಮಶೀನಿಗೆ ಗಂಧ ಕುಂಕುಮ ಇಡುವಾಗ ಇದಕ್ಕೂ ಇಟ್ಟೆ. ಇದು ದೇವರ ಸ್ಟ್ಯಾಂಡಿನಲ್ಲೇ ಇರ್ತದೆ.”

“ಈ ಸಂದಿ ಒಳಗೇ ಇಟ್ಟಿದೀರಲ್ಲ?”

“ಅಲ್ಲಿ ಕಣ್ಣಿನ ಹಾಗೆ ಕಾಣ್ತದೆ. ಮತ್ತೆ ಬೆನ್ನಿಗೆ ಇಡುದಾ?”

ಮೈಸೂರಕ್ಕ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮಗಳನ್ನು ಕಳಿಸಿ ಮೋಟಾರಿನ ಬ್ಯಾಟರಿಗೆ ಹಾಕುವ ಶುದ್ಧ ನೀರು ತರಿಸಿದರು. ಬ್ಲೇಡಿನಿಂದ ಚೌಕದ ಅಂಚು ಸೀಳಿ ಒಳಗಿನ ತೆಳ್ಳನೆಯ ಕಂದು ಬಿಲ್ಲೆಯನ್ನು ಹೊರಗೆಳೆದರು. ಮಾಲಕರು “ಅಯ್ಯೋ, ಕೊಯ್ದೇ ಬಿಟ್ರಾ” ಎಂದು ಹೊರಗೆ ಹೋಗಿ ನಿಂತರು. ಬಿಲ್ಲೆಯ ಮೇಲೆ ಕುಂಕುಮ ಗಂಧದೊಡನೆ ಗಟ್ಟಿಯಾಗಿ ಅಂಟಿತ್ತು.

“ನೀವು ನೀರು ಬಿಡಿ,” ಎಂದರು ನನಗೆ. “ಸಣ್ಣಗೆ.”

ಚಾಳಿನ ಹಸುಗೂಸುಗಳಿಗೆ ನೀರೆರೆದ ಕೈ ನನ್ನದು. ಹಾಗೆಯೇ ಬಿಟ್ಟೆ. ಅವರು ಅಂಚನ್ನು ಮಾತ್ರ ಹಿಡಿದು, ಒಂದು ಹನಿ ಶಾಂಪೂ ಸವರಿ, ಬೆರಳ ತುದಿಯಿಂದ ತೊಳೆದರು. ಬೋಗುಣಿಯ ನೀರು ನಸುಗೆಂಪಾಯಿತು. ನಾನು ಬಗ್ಗಿ ನೋಡಿದೆ.

“ಅಕ್ಷರಾನೂ ತೊಳದು ಹೋಗಂಗಿಲ್ಲೇನ್ರಿ?”

“ಗೊತ್ತಿಲ್ಲ,” ಎಂದರು. “ನೋಡೋಣ.”

ಗೊತ್ತಿಲ್ಲ ಎಂದದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಬಿಲ್ಲೆಯ ನಡುವಿನ ತೂತಿಗೆ ಪೆನ್ಸಿಲ್ ತೂರಿಸಿ, ಫ್ಯಾನಿನ ಕೆಳಗೆ ಎರಡು ಡಬ್ಬಗಳ ನಡುವೆ ತೂಗುಬಿಟ್ಟರು. ಅದು ನಿಧಾನವಾಗಿ ತಿರುಗತೊಡಗಿತು. ಗಲ್ಲಿಯಲ್ಲಿ ಸದ್ದಿರಲಿಲ್ಲ. ದೂರದಲ್ಲಿ ಲೋಕಲ್ ಬಂದು ಹೋಗುವುದು ಯಾರೋ ನಿದ್ದೆಯಲ್ಲಿ ಉಸಿರಾಡಿದಂತೆ ಕೇಳುತ್ತಿತ್ತು. ಕಿಟಕಿಯ ಬೆಳಕು ಬಿಲ್ಲೆಯ ಮೇಲೆ ಬಿದ್ದು ಗೋಡೆಗೆ ಹಾರುತ್ತಿತ್ತು, ಗೋಡೆಯಿಂದ ಮಗಳ ಮುಖಕ್ಕೆ ಬರುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ನನಗೆ ಜೊಂಪು ಹತ್ತಿತು. ಬೋಗುಣಿಯ ನೀರಿನಲ್ಲಿ ಅ, ಆ, ಇ, ಈ ಸಣ್ಣ ಮೀನುಗಳ ಹಾಗೆ ಈಜುತ್ತಿವೆ, ನಾನು ಸೆರಗೊಡ್ಡಿ ಹಿಡಿಯುತ್ತಿದ್ದೇನೆ, ಹಿಡಿದದ್ದೆಲ್ಲ ಸೆರಗಿನಿಂದ ಸೋರುತ್ತಿದೆ. ಎಚ್ಚರವಾದಾಗ ಮೈಸೂರಕ್ಕ ಆ ಬಿಲ್ಲೆಯನ್ನು ಬೇರೊಂದು ಫ್ಲಾಪಿಯ ಕವಚದಲ್ಲಿ ಕೂರಿಸುತ್ತಿದ್ದರು.

ಯಂತ್ರ ಅದನ್ನು ನುಂಗಿತು. ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. “ಓದ್ತಿದೆ,” ಎಂದರು ಮೈಸೂರಕ್ಕ. ಮೊದಲು ಅದರದೊಂದು ನಕಲು ಮಾಡಿಕೊಂಡರು, ಆಮೇಲೆ ಒಂದೊಂದಾಗಿ ಉಳಿದ ಫ್ಲಾಪಿಗಳನ್ನು ಉಣಿಸಿದರು. ಮಗಳು ಕನ್ನಡವನ್ನು ಕರೆದಳು. ಪರದೆಯ ಮೇಲೆ ಮತ್ತೆ ಇಂಗ್ಲಿಷಿನ ಒಂದು ಸಾಲು ಬಂದು ನಿಂತಿತು. ಮಗಳ ಕಣ್ಣಲ್ಲಿ ನೀರು ಬಂತು.

ಮೈಸೂರಕ್ಕ ಆ ಸಾಲನ್ನು ಗಟ್ಟಿಯಾಗಿ ಓದಿದರು, ಯಾರದೋ ಸಂದೇಶ ತಲುಪಿಸುವವರ ಹಾಗೆ. “ಇದು ಹಳೇ ಸಿಸ್ಟಮನ್ನ ಕೇಳ್ತಿದೆ. ಹೊಸದರ ಗುರುತಿಲ್ಲ, ಅದಕ್ಕೆ ಬಾಗಿಲು ತೆಗೀತಿಲ್ಲ.”

“ಹಳೇದಂತೂ ಹೋತಲ್ರಿ.”

“ಹೋಯ್ತು. ಅದಕ್ಕೇ ಹೊಸ ಸಿಸ್ಟಮಿಗೆ ಹೇಳಿಕೊಡ್ತೀನಿ. ಕನ್ನಡ ಬಂದು ಯಾರು ಅಂತ ಕೇಳಿದ್ರೆ, ನಾನೇ ಹಳಬ ಅನ್ನು ಅಂತ.”

“ಸುಳ್ಳ ಹೇಳಸ್ತೀರಿ.”

“ಒಂದೇ ಒಂದು ಕಣ್ರೀ. ಇದೊಂದಕ್ಕೆ ಮಾತ್ರ.”

ಏನೋ ಒತ್ತಿದರು. ಯಂತ್ರ ಆರಿಸಿ ಮತ್ತೆ ಹಚ್ಚಿದರು. ಮಗಳು ಸೆರಗಿಗೆ ಕೈ ಒರೆಸಿಕೊಂಡು ಕೀಲಿ ಒತ್ತಿದಳು. ಪರದೆಯ ಮೇಲೆ ‘ಶ್ರೀ’ ಮೂಡಿತು. ಅವಳು ಮುಂದೆ ಏನೂ ಬರೆಯದೆ ಅದನ್ನೇ ನೋಡುತ್ತ ಕೂತಳು.

ಮಾಲಕರು ಒಳಗೆ ಬಂದು ನೋಡಿದರು. “ಪೂಜೆ ಫಲ ಕೊಟ್ಟಿತು ನೋಡಿ,” ಎಂದರು.

“ಕೊಡ್ತು,” ಎಂದರು ಮೈಸೂರಕ್ಕ. “ಮುಂದಿನ ಸಲ ಫ್ಲಾಪಿ ಇಡೋ ಡಬ್ಬದ ಮೇಲೆ ಮಾಡಿ.”

ಬೋರ್ಡು ಇಳಿಯಲಿಲ್ಲ. ಮಗಳು ಅದೇ ಕುರ್ಚಿಯಲ್ಲಿ ಉಳಿದಳು. ಮದುವೆಯಾದ ಮೇಲೂ ಬಿಡಲಿಲ್ಲ. ನಾನು ಮೈಸೂರಕ್ಕನಿಗೆ ಏನು ಕೊಟ್ಟೆ ಎಂದು ಕೇಳಿದರೆ, ರೊಟ್ಟಿ. ಅದನ್ನೂ ಅವರು ಅರ್ಧ ತಿಂದು ಅರ್ಧ ಕಾಗೆಗೆ ಹಾಕುತ್ತಿದ್ದರು. ನನಗೆ ಗೊತ್ತಿತ್ತು.

ಅವರು ಕಾಮಾಲೆಯಾಗಿ ತೀರಿಕೊಂಡರು, ಕೆಲವು ವರ್ಷಗಳ ಮೇಲೆ, ಒಂದು ಮಳೆಗಾಲದಲ್ಲಿ. ಮೈಸೂರಿನಿಂದ ಅವರ ತಮ್ಮ ಬಂದ. “ಏನ್ ಕೆಲಸ ಅಂತ ಕೇಳಿದ್ರೆ ಕಂಪ್ಯೂಟರು ಅಂತಿದ್ಲು. ಅಲ್ಲಿ ಏನ್ ಮಾಡ್ತಿದ್ಲೋ ನಮಗೆ ಗೊತ್ತಾಗ್ಲೇ ಇಲ್ಲ,” ಎಂದ. ನಾನು ತಿಳಿಸಿ ಹೇಳಲು ಹೋಗಲಿಲ್ಲ. ದುಃಖದಲ್ಲಿದ್ದ.

ವೈಕುಂಠ ಸಮಾರಾಧನೆಯ ಕಾರ್ಡನ್ನು ನನ್ನ ಮಗಳೇ ಜೋಡಿಸಿದಳು, ಕನ್ನಡದಲ್ಲಿ. ಚಾಳಿನಲ್ಲಿ ನಾನೇ ಮನೆಮನೆಗೆ ಹಂಚಿದೆ. ಓದಲು ಬಾರದ ಮರಾಠಿಯವರಿಗೂ ಕೊಟ್ಟೆ. ಕೊನೆಯ ಮನೆಯ ಮುದುಕಿ ಕಾರ್ಡನ್ನು ತಿರುಗಿಸಿ ನೋಡಿ, ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು.

ಈ ಅಕ್ಷರ ಮೂಡುವ ಹಾಗೆ ಮಾಡಿದವಳು ಸತ್ತಿದ್ದಾಳೆ, ಊಟಕ್ಕೆ ಬಾ ಎಂದು ಬರೆದಿದೆ ಎಂದೆ.