ಪುಟ್ಟಗಂಗಮ್ಮನ ನಾರ್ಮಲ್ ರಿಪೋರ್ಟು

ಗುಬ್ಬಿಯ ಅಂಗನವಾಡಿಯೊಂದರಲ್ಲಿ ಸಹಾಯಕಿಯಾಗಿದ್ದ ಪುಟ್ಟಗಂಗಮ್ಮನಿಗೆ ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬೇಕಾಗುತ್ತಿತ್ತು. ಮಕ್ಕಳಿಗೆ ಬಡಿಸಿ ತಟ್ಟೆ ತೊಳೆಯುವಷ್ಟರಲ್ಲಿ ಕೈಕಾಲು ಸೋತು ಗೋಡೆಗೊರಗಿಬಿಡುತ್ತಿದ್ದಳು. ಒಮ್ಮೆ ಸೂಪರ್‌ವೈಸರ್ ಬಂದಾಗ ಮಕ್ಕಳ ಜೊತೆ ಅವಳೂ ನಿದ್ದೆ ಹೋಗಿದ್ದಳು. ನೋಟಿಸ್ ಬಂತು. ವಯಸ್ಸಿನ್ನೂ ಮೂವತ್ತನಾಲ್ಕು; ಆಗಲೇ ಹುಬ್ಬು ಉದುರಿತ್ತು, ಮುಟ್ಟು ನಿಂತಿತ್ತು.

ಗಂಡ ಅಂಜಿನಪ್ಪ ಕೆಟ್ಟವನಲ್ಲ. ಆದರೆ ಅವನ ತಾಯಿ ಇವಳನ್ನು ಮೈಗಳ್ಳಿ ಎಂದಾಗ ಎದ್ದುಹೋಗುತ್ತಿದ್ದ. ಆರು ವರ್ಷದ ಮಗಳನ್ನು ಸ್ಕೂಲಿಗೆ ಸಿದ್ಧ ಮಾಡುವುದು, ಊಟ ಮಾಡಿಸುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಎಲ್ಲ ಅಜ್ಜಿಯದೇ ಆಗಿತ್ತು.

ಗುಬ್ಬಿಯ ಡಾಕ್ಟರು ಥೈರಾಯ್ಡ್ ಇರಬಹುದೆಂದು ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಬರೆದರು. ರಿಪೋರ್ಟು ನಾರ್ಮಲ್. ಆರು ತಿಂಗಳ ನಂತರ ತುಮಕೂರಿನ ಬಟವಾಡಿಯ ಕ್ಲಿನಿಕ್ಕಿಗೆ ಹೋದಳು. ಅಲ್ಲಿಯೂ ಅದೇ ಟೆಸ್ಟು, ಅದೇ ನಾರ್ಮಲ್.

"ಥೈರಾಯ್ಡಲ್ಲಿ ಇದೊಂದೇ ಟೆಸ್ಟಾ ಇರೋದು?" ಎಂದು ರಕ್ತ ತೆಗೆದ ಲ್ಯಾಬಿನ ಹುಡುಗಿ ಸಂಧ್ಯಾಳನ್ನು ಕೇಳಿದಳು.

"ಟಿ ಫೋರ್ ಅಂತಾನೂ ಇದೆ ಅಕ್ಕ, ಥೈರಾಯ್ಡ್ ಹಾರ್ಮೋನನ್ನೇ ನೋಡೋದು. ಆದ್ರೆ ಡಾಕ್ಟ್ರು ಬರ್ದಿಲ್ವಲ್ಲ."

ಒಳಗೆ ಹೋಗಿ ಕೇಳಿದ್ದಕ್ಕೆ ಡಾಕ್ಟರು ನಕ್ಕರು. "ಮೊಬೈಲ್ ನೋಡ್ಕೊಂಡು ಬಂದ್ಬಿಡ್ತೀರ. ಟಿಎಸ್‌ಎಚ್ ಸರಿ ಇದ್ಮೇಲೆ ಅದ್ಯಾಕೆ? ಟೆನ್ಷನ್ ಕಮ್ಮಿ ಮಾಡ್ಕೊಳಿ."

ವಾಪಸ್ ಬಸ್ಸಿನಲ್ಲಿ ಅವಳಿಗೆ ಅಳು ಬಂತು. ಕಾಯಿಲೆ ಇಲ್ಲ ಅಂದರೆ ಸಂತೋಷಪಡಬೇಕಿತ್ತು. ಆದರೆ ಕಾಯಿಲೆ ಇಲ್ಲದಿದ್ದರೆ ಅತ್ತೆ ಹೇಳಿದ್ದೇ ನಿಜವಾಗುತ್ತಿತ್ತು. ರಿಪೋರ್ಟನ್ನು ಅಂದು ಯಾರಿಗೂ ತೋರಿಸಲಿಲ್ಲ.

ಮಳೆಗಾಲದಲ್ಲಿ ಅಂಗನವಾಡಿಯಲ್ಲೇ ತಲೆಸುತ್ತಿ ಬಿದ್ದಳು. ಮರುದಿನ ಒಬ್ಬಳೇ ತುಮಕೂರಿನ ದೊಡ್ಡಾಸ್ಪತ್ರೆಗೆ ಹೋದಳು. ಒಳಗಿದ್ದ ಡಾಕ್ಟರು ತಲೆ ಎತ್ತದೆ, "ಏನ್ ತೊಂದ್ರೆ? ಎಷ್ಟ್ ದಿನದಿಂದ?" ಎಂದರು. ಈ ಪ್ರಶ್ನೆಗೆ ಪ್ರತಿಸಲ ಸುಸ್ತು ಎಂದಷ್ಟೇ ಹೇಳಿ ಚೀಟಿ ಈಸಿಕೊಂಡು ಬಂದಿದ್ದಳು. ಇವತ್ತು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಸಾರ್, ಮೊದ್ಲಿಂದ ಹೇಳ್ತೀನಿ. ಎರಡ್ ನಿಮಿಷ ಕೇಳ್ಬಿಡಿ. ಆರ್ ವರ್ಷದ ಹಿಂದೆ ಕುಣಿಗಲ್‌ನಲ್ಲಿ ನಮ್ಮವ್ವನ ಮನೇಲಿದ್ದಾಗ ಹೆರಿಗೆ ಆಯ್ತು. ರಕ್ತ ನಿಲ್ಲಲೇ ಇಲ್ಲ, ಎಚ್ಚರ ತಪ್ಪೋಯ್ತು. ನಾಲ್ಕ್ ಬಾಟ್ಲಿ ರಕ್ತ ಕೊಟ್ರಂತೆ. ಅವತ್ತಿಂದ ನಾನು ನಾನಾಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಗೂಗೆ ಹಾಲು ಬಂತಾಮ್ಮ?"

ಆರು ವರ್ಷದಲ್ಲಿ ಯಾವ ಡಾಕ್ಟರೂ ಇದನ್ನು ಕೇಳಿರಲಿಲ್ಲ.

"ಒಂದ್ ಹನೀನೂ ಬರ್ಲಿಲ್ಲ ಸಾರ್. ನಮ್ಮತ್ತೆ ಬಾಟ್ಲಿ ಹಾಲು ಕುಡಿಸಿ ಸಾಕಿದ್ರು."

ಅವರು ಟಿ ಫೋರ್ ಬರೆದರು, ಇನ್ನೂ ಕೆಲವು ಹಾರ್ಮೋನ್ ಟೆಸ್ಟುಗಳನ್ನೂ ಬರೆದರು. ಬೆಳಿಗ್ಗೆ ಎಂಟಕ್ಕೇ ರಕ್ತ ಕೊಡಬೇಕಿತ್ತು. ಗುಬ್ಬಿಯಿಂದ ಮೊದಲ ಬಸ್ಸಿಗೆ ಬಂದು ಕೊಟ್ಟಳು.

ರಿಪೋರ್ಟಿನಲ್ಲಿ ಟಿಎಸ್‌ಎಚ್ ಮತ್ತೆ ನಾರ್ಮಲ್ಲೇ ಇತ್ತು. ಟಿ ಫೋರ್ ಮಾತ್ರ ನೆಲ ಕಚ್ಚಿತ್ತು. "ಥೈರಾಯ್ಡಿಗೆ ಕೆಲ್ಸ ಹೇಳೋ ಗ್ರಂಥಿ ತಲೆಯೊಳಗಿದೆ. ಟಿಎಸ್‌ಎಚ್ ಬರೋದು ಅಲ್ಲಿಂದಾನೆ. ಹೆರಿಗೇಲಿ ರಕ್ತ ಹೋಗಿ ಅದೇ ಒಣಗಿದೆ. ಅಲ್ಲಿಂದ ಬರೋ ಟಿಎಸ್‌ಎಚ್ ಲೆಕ್ಕಕ್ಕೆ ಸರಿ ಕಾಣ್ಸುತ್ತೆ, ಕೆಲ್ಸ ಮಾಡಲ್ಲ. ನಿಮ್ ಕೇಸಲ್ಲಿ ಆ ಒಂದ್ ಟೆಸ್ಟ್ ನೋಡಿದ್ರೆ ಗೊತ್ತಾಗಲ್ಲ," ಎಂದರು ಡಾಕ್ಟರು. ಮೊದಲು ಸ್ಟೆರಾಯ್ಡಿನ ಒಂದು ಮಾತ್ರೆ, ವಾರ ಬಿಟ್ಟು ಥೈರಾಯ್ಡ್ ಮಾತ್ರೆ. ಎರಡನ್ನೂ ಜೀವನಪೂರ್ತಿ ನಿಲ್ಲಿಸುವ ಹಾಗಿಲ್ಲ.

ರಿಪೋರ್ಟು ನೋಡಿದ ಅಂಜಿನಪ್ಪ, "ಹಂಗಾದ್ರೆ ನಿಜವಾಗ್ಲೂ ಕಾಯ್ಲೆನೇನೇ?" ಎಂದ. ಅವಳು ರಿಪೋರ್ಟು ಈಸಿಕೊಂಡು ಮಡಚಿಟ್ಟಳು.

ಎರಡು ತಿಂಗಳಿಗೆ ಅಂಗೈ ಬೆಚ್ಚಗಾಯಿತು. ಒಂದು ಬೆಳಿಗ್ಗೆ ತಾನಾಗಿಯೇ ಎದ್ದು, ಎಣ್ಣೆ ಬಾಚಣಿಗೆ ಹಿಡಿದು ಮಗಳನ್ನು ಕರೆದಳು. ಹುಡುಗಿ ಬಾಗಿಲಲ್ಲೇ ನಿಂತಳು.

"ಅಜ್ಜಿ ಹಾಕ್ತಾಳೆ ಜಡೆ. ನಿಂಗೆ ಬರಲ್ಲ."

"ಕಲ್ತ್ಕೋತೀನಿ ಕಣೇ, ಬಾ," ಎಂದಳು ಪುಟ್ಟಗಂಗಮ್ಮ. ಮಗಳು ಅಜ್ಜಿಯಿದ್ದ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಬಂದು ಬೆನ್ನು ತಿರುಗಿಸಿ ಕೂತಳು. ಬೈತಲೆ ಸೊಟ್ಟಗಾಯಿತು. ಸ್ಕೂಲಿಗೆ ಹೊರಡುವ ಮೊದಲು ಹುಡುಗಿ ಅಜ್ಜಿಯ ಹತ್ತಿರ ಹೋಗಿ ಜಡೆ ಬಿಚ್ಚಿಸಿ ಮತ್ತೆ ಹಾಕಿಸಿಕೊಂಡಳು.