ಯಮುನಾಬಾಯಿಯವರ ನಡುವಿನ ಕೋಲು

ಯಮುನಾಬಾಯಿಯವರನ್ನು ನಾನು ಒಂದು ಇಡೀ ಮಳೆಗಾಲ ಸಮಾಜಸೇವಕಿ ಎಂದೇ ತಿಳಿದಿದ್ದೆ. ಬೈಲಹೊಂಗಲದಿಂದ ಸಂಪಗಾಂವದ ಕಡೆಗೆ ನಾನು ಬೆಳಗ್ಗೆ ವಾಕಿಂಗ್ ಹೋಗುವ ದಾರಿಯಲ್ಲಿ ಅವರ ತಮ್ಮನ ಬೀಳು ಹೊಲವಿದೆ. ಅಲ್ಲಿ ಅರವತ್ತು ದಾಟಿದ ಈ ಹೆಣ್ಣುಮಗಳು ಸೆರಗು ಸಿಕ್ಕಿಸಿ, ಬಿಳಿ ಬೂಟು ಹಾಕಿಕೊಂಡು, ಕಬ್ಬಿಣದ ಕೋಲೊಂದನ್ನು ಬೀಸುತ್ತಿದ್ದರು. ಹುಲ್ಲು ಹಾರುತ್ತಿತ್ತು. ಪಾರ್ಥೇನಿಯಂ ಕಸ ಕಡಿಯುತ್ತಿದ್ದಾರೆ ಎಂದು ತೀರ್ಮಾನಿಸಿದ ನಾನು, ನಮ್ಮ ವಾಯುವಿಹಾರಿಗಳ ಸಂಘದಲ್ಲಿ ಅವರಿಗೆ ಶಾಲು ಹೊದಿಸುವ ಠರಾವು ಪಾಸು ಮಾಡಿಸಿದೆ. ನಮ್ಮ ಸಂಘದಲ್ಲಿ ಪದಾಧಿಕಾರಿಗಳನ್ನು ಬಿಟ್ಟರೆ ಸದಸ್ಯರು ಕಡಿಮೆ; ಠರಾವು ಬೇಗ ಪಾಸಾಗುತ್ತದೆ.

ಸಂಘದ ಅಧ್ಯಕ್ಷರೊಡನೆ ಶಾಲು ಹಿಡಿದು ಹೋದಾಗ ಅವರು, "ಸರದ ನಿಂದರ್ರಿ, ಚೆಂಡು ಬಡೀತದ," ಎಂದರು. ಯಾವ ಚೆಂಡು ಎಂದು ಕೇಳುವಷ್ಟರಲ್ಲಿ ಅದು ಅಧ್ಯಕ್ಷರ ಕಿವಿಯ ಪಕ್ಕದಿಂದ ಹಾದುಹೋಯಿತು. ಶಾಲನ್ನು ಕೊನೆಗೆ ಅಧ್ಯಕ್ಷರೇ ಹೊದ್ದುಕೊಂಡು ಕುಳಿತರು.

ಯಮುನಾಬಾಯಿ ಪುಣೆಯ ಗಾಲ್ಫ್ ಕ್ಲಬ್ಬೊಂದರ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಾಹೇಬರು ಆಡದ ಸೋಮವಾರಗಳಲ್ಲಿ ನೌಕರರು ಆಡಬಹುದಿತ್ತಂತೆ, ಅಲ್ಲಿ ಕಲಿತದ್ದು. ಈಗಲೂ ಹಳೆಯ ನೌಕರರೆಲ್ಲ ವರ್ಷಕ್ಕೊಮ್ಮೆ ಬೆಳಗಾವಿಯ ಕಡೆಯ ಒಂದು ಮೈದಾನದಲ್ಲಿ ಸೇರುತ್ತಾರೆ. ಗೆದ್ದವರಿಗೆ ಕ್ಲಬ್ಬಿನ ಹಳೆಯ ಅಡಿಗೆಯವನು ಕೊಟ್ಟ ತಾಮ್ರದ ತಂಬಿಗೆ, ಮುಂದಿನ ವರ್ಷದವರೆಗೆ. ಅದು ಅನಿಕೇತ ಎಂಬ ಜೊತೆ ನೌಕರನ ಮನೆಯಲ್ಲೇ ಠಿಕಾಣಿ ಹೂಡಿತ್ತು. ಅವನು ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದ: "ಮಾವಶಿ, ತಂಬಗಿ ಹುಣಸಿಹಣ್ಣು ಹಚ್ಚಿ ತೊಳದಿಟ್ಟೇನಿ. ನೋಡಲಿಕ್ಕರೆ ಬರ್ರಿ."

ಆ ತಂಬಿಗೆ ಒಮ್ಮೆಯಾದರೂ ತಮ್ಮ ದೇವರ ಮನೆಯಲ್ಲಿರಬೇಕೆಂಬುದು ಯಮುನಾಬಾಯಿಯವರ ಆಸೆ. ಸೋಲುತ್ತಿದ್ದದ್ದು ಯಾವಾಗಲೂ ಚೆಂಡು ಬೀಳಿಸಬೇಕಾದ, ಗುರುತಿಗೆ ಬಾವುಟ ನೆಟ್ಟ ಕೊನೆಯ ಕುಳಿಯಲ್ಲಿ. ಅದರ ಮುಂದೊಂದು ಹಳ್ಳ.

"ಮಾರಿ ನೆಟ್ಟಗಿದ್ದ ಕೋಲು ದೂರ ಹೊಡೀತದ. ಹಿಂದಕ ಒರಗಿದ್ದು ಎತ್ತರ ಹಾರಿಸಿ ಸಮೀಪ ಕೆಡವತದ," ಎಂದು ನನಗೆ ತಿಳಿಸಿದರು. ಅವರ ಐರನ್ ಸೆಟ್ಟಿನ ಕೊನೆಯ ಕೋಲು, ಪಿಚಿಂಗ್ ವೆಡ್ಜು, ನಲವತ್ತೈದು ಡಿಗ್ರಿ ಒರಗಿದ್ದು. ಅದರಲ್ಲಿ ಹೊಡೆದರೆ ಚೆಂಡು ಬಾವುಟ ದಾಟಿ ಜಾಲಿಕಂಟಿಗೆ. ಮರಳಿಗೆಂದು ಇಟ್ಟುಕೊಂಡ ಸ್ಯಾಂಡ್ ವೆಡ್ಜು ಐವತ್ತಾರರದ್ದು; ಅದರಲ್ಲಿ ಹೊಡೆದರೆ ಹಳ್ಳಕ್ಕೆ. ನಡುವೆ ಏನೂ ಇಲ್ಲ.

"ದೂರ ಹೊಡ್ಯೂದರಾಗ ಮೆಲ್ಲಕ ಹೊಡದ್ರ ಆತಲ್ಲ?" ಎಂದೆ.

"ಮೆಲ್ಲಕ ಹೊಡ್ಯೂ ಮುಂದ ಕೈ ಅನುಮಾನ ಮಾಡ್ತದ. ಪೂರಾ ಬೀಸಿದ್ರ ಬಾವುಟದ ಕಡೆ ಬೀಳೂ ಕೋಲು ಬೇಕು."

ಪುಣೆಯ ಗೆಳತಿಯೊಬ್ಬರು ಹಳೆಯದೊಂದನ್ನು ಕಳಿಸಿದರು. ಅದು ಐವತ್ತೆರಡರದ್ದು, ಸರಿಯಾಗಿ ನಡುವೆ ಬರಲು ಸ್ವಲ್ಪ ನೆಟ್ಟಗಾಗಬೇಕಿತ್ತು. ಯಮುನಾಬಾಯಿ ಅದನ್ನು ಬಜಾರದ ಕಮ್ಮಾರ ಬುಡನಸಾಬರಿಗೆ ಕೊಟ್ಟುಬಂದರು. ಕುಡಗೋಲು, ಕುರ್ಪಿ, ಕುಂಟಿಯ ಕುಳ ಎಲ್ಲವನ್ನೂ ಬಗ್ಗಿಸುವ ಕೈ. ಬುಡನಸಾಬರು ಇದನ್ನೂ ಬಗ್ಗಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ.

"ಬಾಯಾರ, ತಳ ಭಾಳ ಮೊಂಡ ಇತ್ರಿ. ಸಾಣಿ ಹಿಡದೇನಿ," ಎಂದು ಹೆಮ್ಮೆಯಿಂದ ಕೈಗಿತ್ತರು. "ಮೊಂಡ ಸಾಮಾನ ನಮ್ಮ ಅಂಗಡಿ ಹೊಸ್ತಿಲ ದಾಟಂಗಿಲ್ಲ. ನಮ್ಮಪ್ಪನ ಕಾಲದಿಂದ ಹಂಗ."

ಯಮುನಾಬಾಯಿ ಅಂಚಿನ ಮೇಲೆ ಬೆರಳಾಡಿಸಿ, "ಸೊಪ್ಪು ಹೆಚ್ಚಲಿಕ್ಕೆ ಬರ್ತದ," ಎಂದರು. ಬುಡನಸಾಬರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು.

ಆ ಕೋಲಿನ ತಳ ಉಬ್ಬಿರುವುದಕ್ಕೆ ಕಾರಣವಿದೆಯಂತೆ. ಮೆತ್ತನೆಯ ನೆಲದಲ್ಲಿ ಆ ಉಬ್ಬೇ ಕೋಲನ್ನು ಹುಗಿಯದಂತೆ ಜಾರಿಸುವುದು. ಆವತ್ತು ಅಡ್ಡಮಳೆಗೆ ನೆನೆದಿದ್ದ ನಮ್ಮ ಎರೆಮಣ್ಣಿನಲ್ಲಿ ಬೀಸಿದರೆ ಕೋಲು ರಂಟೆಯಂತೆ ಇಳಿದು ನಿಂತಿತು. ಚೆಂಡು ಇದ್ದಲ್ಲೇ ಇತ್ತು. ಆಟಕ್ಕೆ ವಾರವಷ್ಟೇ ಉಳಿದಿತ್ತು.

ಸಂಘದ ಪರವಾಗಿ ಸಾಂತ್ವನ ಹೇಳಲು ನಾನು ಗಂಟಲು ಸರಿಪಡಿಸಿಕೊಳ್ಳುತ್ತಿರುವಾಗ ಅವರು ಬೂಟಿನ ಕೆಸರು ಕೆರೆಯುತ್ತ, "ಬೆಳಗಾವಿ ಮೈದಾನ ಎರಿ ಅಲ್ಲ, ಕೆಂಪು, ಗಟ್ಟಿ ನೆಲ," ಎಂದರು. "ದೇಗಾಂವಕ್ಕ ಹೋಗೂಣು."

ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಅವರ ತಂಗಿಯ ಹೊಲ ಕೆಂಪು ನೆಲದ್ದು. ಆ ಕಡೆ ಮಳೆ ಬಿದ್ದಿರಲಿಲ್ಲ. ನೆಲ ಒಣಗಿ ಹಂಚಿನಂತಿತ್ತು. ಮೊದಲು ಉಬ್ಬು ತಳದ ಸ್ಯಾಂಡ್ ವೆಡ್ಜಿನಲ್ಲಿ ಹೊಡೆದರು: ಅದು ನೆಲಕ್ಕೆ ಬಡಿದು ಪುಟಿದು ಚೆಂಡಿನ ನೆತ್ತಿಗೆ ತಾಗಿತು. ಸಾಣೆ ಹಿಡಿದದ್ದು ಚೆಂಡಿನ ಕೆಳಗೆ ರೊಟ್ಟಿ ಮಗುಚುವ ಸಟ್ಟುಗದಂತೆ ತೂರಿತು. ಚೆಂಡು ಎದ್ದು, ನಾನು ಟವೆಲ್ ಹಿಡಿದು ಬಾವುಟವಾಗಿ ನಿಂತಿದ್ದ ಕಡೆಗೇ ಬಂತು. ಯಮುನಾಬಾಯಿ ಮತ್ತೆ ಮತ್ತೆ ಹೊಡೆದರು. ನಾನು ಮತ್ತೆ ಮತ್ತೆ ಓಡಿದೆ.

ಬೆಳಗಾವಿಗೂ ಹೋದೆ, ಪ್ರೇಕ್ಷಕನಾಗಿ. ಅಲ್ಲೂ ನೆಲ ಒಣಗಿ ಗಟ್ಟಿಯಾಗಿತ್ತು. ಅನಿಕೇತ ಚೀಲದೊಳಗೆ ಇಣುಕಿದ. "ಏನ್ ಮಾವಶಿ, ಕುರ್ಪಿ ತಂದೀರಿ?"

"ಹೂಂ. ಕಸ ತಗ್ಯೂದದ."

ಕೊನೆಯ ಕುಳಿಗೆ ಇಬ್ಬರೂ ಹೊಡೆತಗಳ ಲೆಕ್ಕದಲ್ಲಿ ಸಮಸಮ ಬಂದರು. ಅನಿಕೇತನ ಚೆಂಡು ಬಾವುಟದಿಂದ ಸಾಕಷ್ಟು ಆಚೆ ಬಿತ್ತು. ಯಮುನಾಬಾಯಿ ಸೆರಗು ಸಿಕ್ಕಿಸಿ, ಪೂರಾ ಬೀಸಿದರು. ಚೆಂಡು ಹಳ್ಳ ದಾಟಿ, ಬಾವುಟದ ಈಚೆ ಮಾರು ದೂರದಲ್ಲಿ ಬಿದ್ದು, ದಣಿದವರಂತೆ ಅಲ್ಲೇ ಕೂತಿತು. ಉಳಿದದ್ದನ್ನು ಅವರು ಮೆಲ್ಲಗೆ ತಳ್ಳಿ ಮುಗಿಸಿದರು. ಅನಿಕೇತ ತಳ್ಳಿದ್ದು ಕುಳಿಯ ಅಂಚು ಸವರಿ ಹೋಯಿತು.

ಮರಳುವ ಬಸ್ಸಿನಲ್ಲಿ ತಂಬಿಗೆ ಅವರ ತೊಡೆಯ ಮೇಲಿತ್ತು, ಕೋಲು ನನ್ನ ತೊಡೆಯ ಮೇಲೆ. ಸಂಘದ ಮುಂದಿನ ಸಭೆಯಲ್ಲಿ ನಾನು ಭಾಷಣ ಮಾಡುವುದಿತ್ತು. ಅದಕ್ಕೊಂದು ಘನವಾದ ಮಾತು ಸಿಗಲೆಂದು ಕೇಳಿದೆ:

"ಯಮುನಾಬಾಯಿ, ಖರೇ ಹೇಳ್ರಿ. ಗೆದ್ದದ್ದು ನಿಮ್ಮ ಕೈಯೋ, ಈ ಕೋಲೋ?"

"ಕೈ ಹ್ವಾದ ವರ್ಷಾನೂ ಇತ್ತಲ್ರಿ."